ಬಾರದೆ ಹೋದವರು

"ಬಾಗಿಲು ಬಡಿದು ಒಳಗೆ ಬರ್ಬಾರ್ದಾ?" ಎಂದು ರೇಗಿದ ಅಕ್ಕ ಚಾದರವನ್ನು ಕಾಲ ಮೇಲೆ ಎಳೆದುಕೊಂಡಳು. ಆದರೆ ತಂಗಿ ನೋಡಿಯಾಗಿತ್ತು. ಎಡಗಾಲು ತೊಡೆಯಿಂದ ಬೆರಳಿನವರೆಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು.

ವರ್ಷಗಟ್ಟಲೆ ಇಳಿಯದ ಇಂಥ ಊತಕ್ಕೆಂದೇ ಇರುವ ಚಿಕಿತ್ಸಾಲಯಗಳಿಗೆ ಹೋಗಿ, ಅಲ್ಲಿನ ಆರೈಕೆ ಹೇಗಿದೆ ಎಂದು ಅಳೆದು ವರದಿ ಕೊಡುವುದೇ ತಂಗಿಯ ಕೆಲಸ. ಈ ಊರಿಗೂ ಅದಕ್ಕೇ ಬಂದಿದ್ದಳು. ಬೆಳಗಿನಿಂದ ಮಾತನಾಡಿಸಿದ ರೋಗಿಗಳಲ್ಲಿ ಒಬ್ಬರೂ ದೂರಿರಲಿಲ್ಲ. ಒಳ್ಳೆಯ ಅಂಕ ಕೊಡುವ ಖುಷಿಯಲ್ಲೇ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದಳು.

"ಯಾವಾಗಿಂದ, ಅಕ್ಕಾ?"

"ಗರ್ಭಕೋಶದ ಆಪರೇಷನ್ ಆದಾಗಿಂದ."

"ಇಲ್ಲೇ ಆಸ್ಪತ್ರೆ ಇಟ್ಕೊಂಡು..."

"ಹೋಗಿದ್ದೆ, ಒಂದ್ಸಲ." ಅಕ್ಕ ಕಿಟಕಿಯತ್ತ ತಿರುಗಿದಳು. "ಡಾಕ್ಟರು ಕಾಲು ಮುಟ್ಟಿ ಕೂಡ ನೋಡ್ಲಿಲ್ಲ. ಬಾಗಿಲು ತೆಗೆದಿಟ್ಕೊಂಡೇ 'ಮೊದ್ಲು ಮೈ ಇಳಿಸಿ, ಆಮೇಲೆ ಬನ್ನಿ' ಅಂದ್ರು. ಹೊರಗೆ ಯಾರೋ ನಕ್ರು. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ನಿನ್ನ ಸೊಂಟದ ಮೇಲೆ ಹೊತ್ತು ತಿರುಗಿದೋಳು ಕಣೇ ನಾನು. ನಿನ್ ಕೈಲಿ ಕಾಲು ಹಿಡಿಸ್ಕೊಳ್ಳೋದಾ?"

ದಿನವಿಡೀ ತಂಗಿ ಕೇಳಿದ್ದು ಬಂದು ಕುಳಿತವರನ್ನು. ಬಾರದೆ ಹೋದವರನ್ನೂ ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಮರುದಿನ ಚಿಕಿತ್ಸಾಲಯದಲ್ಲಿ, ಒಮ್ಮೆ ಬಂದು ಮತ್ತೆ ಬಾರದವರನ್ನೂ ಮಾತನಾಡಿಸದೆ ವರದಿ ಮುಗಿಯುವುದಿಲ್ಲ ಎಂದಳು. "ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ಅವಳನ್ನ ಬೇರೆ ಯಾರಾದ್ರೂ ಕೇಳ್ಲಿ" ಎಂದೂ ಹೇಳಿದಳು. ಡಾಕ್ಟರ ಮುಖ ಗಂಟಾಯಿತು. ಅಲ್ಲಿನ ನರ್ಸಮ್ಮ ಮಾತ್ರ ಅವಳನ್ನು ಬಾಗಿಲವರೆಗೆ ಕಳುಹಿಸಲು ಬಂದು, ಅಕ್ಕನಿಗೆಂದು ಒಂದು ಮುಲಾಮಿನ ಟ್ಯೂಬನ್ನು ಕೈಗಿಟ್ಟಳು.

ಸಂಜೆ ತಂಗಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ನೆಲದ ಮೇಲೆ ಕುಳಿತಳು.

"ನಾಳೆ ಬಾ ಅಂದಿದಾರೆ ನರ್ಸಮ್ಮ. ಬಾಗಿಲು ಹಾಕ್ಕೊಂಡು ನೋಡ್ತಾರಂತೆ."

"ಆ ಡಾಕ್ಟರೂ ಇರ್ತಾರಾ?"

"ಇರ್ತಾರೆ. ನಾನೂ ಇರ್ತೀನಿ."

ಅಕ್ಕ ಎರಡೂ ಕೈಯಲ್ಲಿ ಕಾಲನ್ನೆತ್ತಿ ಮುಂದಿಟ್ಟಳು. "ಭಾರ ಕಣೇ."

"ಇರ್ಲಿ ಬಿಡು."

ತಂಗಿ ಕಾಲು ತೊಳೆದು ತೊಡೆಯ ಮೇಲಿಟ್ಟುಕೊಂಡಳು. ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ ಮುಲಾಮು ಹಚ್ಚತೊಡಗಿದಳು. ಕಾಲು ಮೊದಮೊದಲು ಅರ್ಧ ಗಾಳಿಯಲ್ಲೇ ಇತ್ತು. ಅಕ್ಕ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ನಿಧಾನವಾಗಿ ಆ ಹಿಡಿತ ಸಡಿಲಿತು. ಕಾಲಿನ ಪೂರ್ತಿ ಭಾರ ತಂಗಿಯ ತೊಡೆಯ ಮೇಲೆ ಇಳಿಯಿತು.