ತೊಳೆದಿಟ್ಟ ಡಬ್ಬಿ

ಸ್ಮಶಾನದ ಗೇಟು ದಾಟಿದ ಮೇಲೆ ಶವಪೆಟ್ಟಿಗೆ ಹೊತ್ತ ಆರು ಜನ ಬಲಕ್ಕೆ ತಿರುಗಿದರು.

"ಎಡಕ್ಕಪ್ಪಾ ಗೆಥಿನ್," ಎಂದ ಹಿಂದೆ ಬರುತ್ತಿದ್ದ ಮುದುಕ ಇದ್ವಲ್. "ಇವಳ ಗಂಡ ಎಮ್ರಿಸ್ ಮಲಗಿರೋದು ಎಡಕ್ಕೆ. ದೋಣಿ ನಡೆಸೋನಿಗೆ ಎಡ ಬಲ ಗೊತ್ತಾಗಲ್ವಾ?"

ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಗೆಥಿನ್ ತಲೆ ತಿರುಗಿಸಲಿಲ್ಲ. "ಬಲಕ್ಕೇ ತಾತ. ಗುಂಡಿ ಅಲ್ಲೇ ತೋಡಿರೋದು."

ಹೊತ್ತವರೆಲ್ಲ ಪೋರ್ಥ್ ಹೆಲಿ ಊರಿನ ರಕ್ಷಣಾ ದೋಣಿಯವರು. ಒಬ್ಬ ಬಡಗಿ, ಒಬ್ಬ ಮೇಷ್ಟ್ರು, ಉಳಿದವರು ಏಡಿ ಹಿಡಿಯುವವರು. ಸಂಬಳವಿಲ್ಲದ ಕೆಲಸ, ಕರೆ ಬಂದರೆ ಕೈಯಲ್ಲಿದ್ದುದನ್ನು ಬಿಟ್ಟು ಕಡಲಿಗೆ ಓಡಬೇಕು. ಪೆಟ್ಟಿಗೆಯೊಳಗಿದ್ದ ನೆಸ್ಟ್, ಮದುವೆಯಾಗಿ ಬಂದಂದಿನಿಂದ ಆ ದೋಣಿಯ ಊಟದ ಡಬ್ಬಿ ತುಂಬಿದವಳು. ಪ್ರತಿ ಶನಿವಾರ ಬೆಳಿಗ್ಗೆ ಹಳೆಯದನ್ನು ತೆಗೆದು, ಡಬ್ಬಿ ತೊಳೆದು, ಒರೆಸಿ, ಬೆಣ್ಣೆ ಸವರಿದ ಒಣದ್ರಾಕ್ಷಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಇಡುವಳು. ಕಡಲಲ್ಲಿ ಹೋದವರು ಯಾವಾಗ ಮರಳುವರೆಂದು ದೇವರಿಗಷ್ಟೇ ಗೊತ್ತು. ಹನ್ನೆರಡು ತಾಸು ಕಳೆದ ಮೇಲೆ ಹಗ್ಗ ಹಿಡಿದ ಕೈಗೆ ಬಲ ಕೊಡುವುದು ಆ ಒಂದು ತುಂಡು.

ಇದ್ವಲ್ ಕೋಲೂರಿಕೊಂಡು ನೆಸ್ಟಳ ಮಗಳ ಪಕ್ಕಕ್ಕೆ ಬಂದ. "ಏನಮ್ಮ ಮೈರ್ ಇದು?"

"ಅಮ್ಮ ಬರೆದಿಟ್ಟಿದ್ಲು ಮಾಮ. 'ಅವರ ಪಕ್ಕ ಮಲಗೋ ಹಕ್ಕು ನನಗಿಲ್ಲ, ಗೋಡೆ ಹತ್ತಿರ ಹಾಕಿ' ಅಂತ."

"ಹಕ್ಕಿಲ್ಲ ಅಂದ್ರೆ?"

"ನಿಮಗೆ ಗೊತ್ತಿಲ್ಲದ್ದಾ? ಅಪ್ಪ ಸಾಯೋ ಮುಂಚಿನ ಶನಿವಾರ ನನಗೆ ಜ್ವರ. ಡಬ್ಬಿ ತೊಳೆದ್ಲು, ತುಂಬೋದು ಮರೆತ್ಲು. ನನ್ನ ಜ್ವರವೇ ಅಪ್ಪನ್ನ ತಿಂದಿದ್ದು ಅಂತ ನಾನು ಆರು ವರ್ಷದೋಳಿದ್ದಾಗಲೇ ತಿಳ್ಕೊಂಡೆ." ಅವಳು ಮುಂದೆ ನಡೆದಳು.

* * *

ಐವತ್ತೊಂದು ವರ್ಷದ ಹಿಂದಿನ ಆ ಶನಿವಾರ ಮಧ್ಯಾಹ್ನ ಅಭ್ಯಾಸಕ್ಕೆಂದು ದೋಣಿ ಇಳಿಸಿದ್ದರು. ಜನವರಿಯಲ್ಲೂ ಕಡಲು ತಟ್ಟೆಯಲ್ಲಿಟ್ಟ ನೀರಿನಂತಿತ್ತು. ಐದು ಜನ. ಎಮ್ರಿಸ್ ಡಬ್ಬಿಯ ಮುಚ್ಚಳ ತೆಗೆದ.

"ನನ್ನ ಹೆಂಡ್ತಿ ಬ್ರೆಡ್ಡು ಮುಳುಗೋರಿಗೆ ಮಾತ್ರಾನಾ? ತೇಲೋರಿಗೂ ಹೊಟ್ಟೆ ಇದೆ ಕಣ್ರೋ."

ನಗುತ್ತ ನಗುತ್ತ ಎಲ್ಲ ಖಾಲಿಯಾಯಿತು. ಕೊನೆಯ ತುಂಡನ್ನು ಎಮ್ರಿಸ್ ಮುರಿದು ಅರ್ಧ ಇದ್ವಲನ ಬಾಯಿಗಿಟ್ಟ. ಆಮೇಲೆ ಡಬ್ಬಿಯನ್ನು ಕಡಲಿನ ನೀರಲ್ಲಿ ತೊಳೆದು, ಅಂಗಿಯ ತುದಿಯಿಂದ ಒರೆಸಿ ಇದ್ದಲ್ಲಿಯೇ ಇಟ್ಟ.

"ನೆಸ್ಟ್‌ಗೆ ಹೇಳಬೇಡಿ, ಸುಲಿದು ಹಾಕ್ತಾಳೆ. ನಾಳೆ ಪ್ರಾರ್ಥನೆ ಮುಗಿಸಿ ನಾನೇ ತುಂಬಿಸ್ತೀನಿ."

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಕರೆ ಬಂತು. ಯಂತ್ರ ಕೆಟ್ಟ ಸರಕು ಹಡಗೊಂದು ಬಂಡೆಯತ್ತ ಹೋಗುತ್ತಿತ್ತು. ಇಪ್ಪತ್ತೆರಡು ತಾಸು. ಹಸಿವು ತಡೆಯದೆ ಒಬ್ಬ ಡಬ್ಬಿ ತೆರೆದು, ಮತ್ತೆ ಮುಚ್ಚಿದ. ಎಮ್ರಿಸ್ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಒಬ್ಬೊಬ್ಬರ ಸರದಿಯನ್ನೂ ತಾನೇ ತೆಗೆದುಕೊಂಡು ಚುಕ್ಕಾಣಿಯ ಹತ್ತಿರ ನಿಂತ. ಬೆಳಗಾಗುವಾಗ ಚಳಿಗೆ ಮರಗಟ್ಟಿದ ಅವನ ಬೆರಳುಗಳನ್ನು ಚುಕ್ಕಾಣಿಯಿಂದ ಬಿಡಿಸಬೇಕಾಯಿತು. ದಡ ಕಂಡಾಗ ಅವನು ಉಸಿರಾಡುತ್ತಿರಲಿಲ್ಲ.

ದಡದಲ್ಲಿ ನೆಸ್ಟ್ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣಿಗೆ ಡಬ್ಬಿ ಬಿತ್ತು. ತೆರೆದಳು. ಒಂದು ಚೂರೂ ಇಲ್ಲ, ಒಳಗೆಲ್ಲ ಶುಭ್ರ.

"ತೊಳೆದಿದೀನಿ," ಎಂದಳು ತನಗೆ ತಾನೇ. "ತೊಳೆದು ಹಾಗೇ ಕಳಿಸಿದೀನಿ."

ನಾಲ್ಕು ಜನವೂ ನೆಲ ನೋಡಿದರು. ಸತ್ತವನಿನ್ನೂ ತಣ್ಣಗಾಗಿಲ್ಲ, ಅವನ ಮೇಲೆ ಹೇಗೆ ತಪ್ಪು ಹೊರಿಸುವುದು? ನಾಳೆ ಹೇಳಿದರಾಯಿತು ಎಂದುಕೊಂಡರು.

* * *

ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಹಲಗೆಗಳ ಮೇಲೆ ಇಳಿಸಿದ್ದರು. ಪಾದ್ರಿಗಳು ಪುಸ್ತಕ ಬಿಡಿಸಿದರು.

"ಸ್ವಲ್ಪ ತಡೀರಿ ಸ್ವಾಮಿ," ಎಂದ ಇದ್ವಲ್. "ಮೈರ್, ಅವಳು ಮರೆತಿರಲಿಲ್ಲ. ತುಂಬಿದ್ಲು. ನಾವು ತಿಂದ್ವಿ. ಸುಮ್ಮನೆ, ಹಸಿವಿಲ್ಲದೆ ತಿಂದ್ವಿ. ತೊಳೆದಿದ್ದು ನಿಮ್ಮಪ್ಪ."

ಹಗ್ಗ ಹಿಡಿದವರು ಹಾಗೆಯೇ ನಿಂತರು. ಮೈರ್ ಅವನತ್ತ ತಿರುಗಿದಳು.

"ಎಲ್ಲರಿಗೂ ಗೊತ್ತಿತ್ತಾ?"

"ನಾಲ್ಕು ಜನಕ್ಕೂ. ಮೂರು ಜನ ಹೋದ್ರು. ಉಳಿದೋನು ನಾನು."

"ಅಮ್ಮ ಯಾವತ್ತೂ ನಿಮ್ಮನ್ನ ಕೇಳಲಿಲ್ವಾ?"

ಇದ್ವಲ್ ಕೋಲಿನ ತುದಿಯಿಂದ ಮಣ್ಣು ಕೆದಕಿದ. "ಪ್ರತಿ ಜನವರಿ ಕೇಳ್ತಿದ್ಲು. 'ನಾನೇ ಮರೆತಿದ್ದಾ ಇದ್ವಲ್?' ಅಂತ. ಆಗಿದ್ದು ಆಗಿಹೋಯ್ತು, ಬಿಡು ನೆಸ್ಟ್ ಅಂತಿದ್ದೆ."

"ಬಿಡು ಅಂತಿದ್ರಿ."

"ಹೂಂ."

"ಹೋದ ಭಾನುವಾರ ಅವಳ ಮಂಚದ ಪಕ್ಕ ಕೂತು ಚಹಾ ಕುಡಿದ್ರಿ."



ಗೆಥಿನ್ ಮೆಲ್ಲಗೆ ಕೇಳಿದ. "ಮೈರಕ್ಕ, ಏನು ಮಾಡೋಣ? ಆ ಕಡೆಗೆ ಹೊತ್ಕೊಂಡು ಹೋಗಿ ಅಂದ್ರೂ ಹೋಗ್ತೀವಿ. ಸಂಜೆಯೊಳಗೆ ತೋಡ್ತೀವಿ."

ಮೈರ್ ಎಡಗಡೆ ನೋಡಿದಳು. ಅಪ್ಪನ ಕಲ್ಲಿನ ಮೇಲೆ ಅವನ ಹೆಸರು, ಅದರ ಕೆಳಗೆ ಅಮ್ಮನ ಹೆಸರಿಗೆಂದು ಐವತ್ತೊಂದು ವರ್ಷದಿಂದ ಖಾಲಿ ಬಿಟ್ಟ ಜಾಗ.

"ಬೇಡ. ಅವಳು ಹೇಳಿದ ಕಡೆಗೇ ಇಳಿಸಿ. ಬೇರೆ ಕಡೆ ಮಲಗ್ತೀಯಾ ಅಂತ ಈಗ ಯಾರನ್ನ ಕೇಳಲಿ?"

ಹಗ್ಗಗಳು ಸರಿದವು. ಪಾದ್ರಿಗಳು ಓದಿದರು. ಎಲ್ಲರೂ ಹಾಡು ಎತ್ತಿದರು.

ಮಣ್ಣು ಮುಚ್ಚಿದ ಮೇಲೆ ಗೆಥಿನ್ ದೋಣಿಯಿಂದ ತಂದಿದ್ದ ಡಬ್ಬಿಯನ್ನು ತೆರೆದ. ಹೋದ ಶನಿವಾರ ನೆಸ್ಟ್ ಮಂಚದಲ್ಲೇ ಕೂತು ತುಂಬಿದ್ದು. ಮೈರ್ ಒಬ್ಬೊಬ್ಬರಿಗೂ ಒಂದೊಂದು ತುಂಡು ಕೊಟ್ಟಳು. ಕೊನೆಯದನ್ನು ಮುರಿಯದೆ ಇದ್ವಲನ ಅಂಗೈಯಲ್ಲಿಟ್ಟಳು.

"ತಿನ್ನಿ ಮಾಮ. ಇನ್ನು ಅಮ್ಮನ ಕೈಯದ್ದು ಸಿಗಲ್ಲ."

ಅವಳು ಖಾಲಿ ಡಬ್ಬಿ ಹಿಡಿದು ಗೇಟಿನ ಪಕ್ಕದ ನಲ್ಲಿಗೆ ಹೋದಳು. ಮೂಲೆಗಳಿಗೆಲ್ಲ ಬೆರಳು ಹಾಕಿ ತೊಳೆದಳು. ಕತ್ತಿನ ವಸ್ತ್ರ ಬಿಚ್ಚಿ ಹನಿ ಉಳಿಯದಂತೆ ಒರೆಸಿದಳು. ಆಮೇಲೆ ಮುಚ್ಚಳ ಹಾಕಿ, ಎಡಕ್ಕೆ ನಡೆದು, ಅದನ್ನು ಅಪ್ಪನ ಕಲ್ಲಿನ ಮುಂದೆ, ಹೆಸರಿಲ್ಲದ ಜಾಗದ ನೇರಕ್ಕೆ ಇಟ್ಟಳು.