ತೊಲೆಯ ಕೆಳಗಿನ ಪರೀಕ್ಷೆ

ಹೆಡ್ ಮೇಡಂ ಹುಟ್ಟಾ ಪುಕ್ಕಲು. ಇದನ್ನು ಯಾರೂ ಅವರ ಬೆನ್ನ ಹಿಂದೆ ಆಡಿಕೊಳ್ಳಬೇಕಾಗಿರಲಿಲ್ಲ, ಅವರೇ ಎದುರಿಗೆ ಹೇಳಿಕೊಂಡು ನಗುತ್ತಿದ್ದರು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವರು ವಾಪಸು ಬಂದು ಬೀಗ ಜಗ್ಗಿ ನೋಡುವವರು. ಗ್ಯಾಸ್ ಆರಿಸಿದೆಯಾ ಎಂದು ಶಾಲೆಯಿಂದ ಗಂಡನಿಗೆ ಫೋನ್ ಮಾಡುವವರು. ದಾರಿಯಲ್ಲಿ ನಾಯಿ ಮಲಗಿದ್ದರೆ ದಾರಿಯನ್ನೇ ಬದಲಿಸುವವರು. ಬಸ್ ಓಡಿಸಿ ಓಡಿಸಿ ನಿವೃತ್ತರಾದ ಗಂಡ, ನಾನು ಬ್ರೇಕ್ ಒತ್ತುವ ಮೊದಲೇ ಇವಳು ಹಿಂದಿನ ಸೀಟಿನಲ್ಲಿ ಒತ್ತಿರುತ್ತಿದ್ದಳು ಎಂದು ನೆಂಟರ ಮುಂದೆ ಕಾಲೆಳೆಯುತ್ತಿದ್ದರು. ಮೇಡಂಗೆ ಅದರ ಬೇಜಾರಿರಲಿಲ್ಲ. ಹೆದರಿಕೆ ಅವರಿಗೆ ಹಳೆಯ ಚಪ್ಪಲಿಯಂತೆ ಒಗ್ಗಿಹೋಗಿತ್ತು.

ತೊಂದರೆಯೆಂದರೆ, ಎಲ್ಲಕ್ಕೂ ಹೆದರುವವರು ಹೆದರಲೇಬೇಕಾದದ್ದಕ್ಕೆ ಹೆದರಿದಾಗ ಯಾರೂ ನಂಬುವುದಿಲ್ಲ. ಅವರಿಗೂ ತಮ್ಮ ಮೇಲೆ ನಂಬಿಕೆ ಬರುವುದಿಲ್ಲ.

ಶಾಲೆಯ ದೊಡ್ಡ ಕೋಣೆಯ ಅಡ್ಡಕ್ಕೆ ಒಂದು ಮರದ ತೊಲೆಯಿತ್ತು, ಸೂರಿನ ಭಾರವೆಲ್ಲ ಅದರ ಮೇಲೆ. ಕಿಟಕಿಯ ಕಡೆ ಅದರ ತುದಿ ಗೋಡೆಯೊಳಗೆ ಹೋಗುವಲ್ಲಿ ನೀರು ಸೋರಿ ಸೋರಿ ಗಾರೆ ಉಬ್ಬಿ ಉದುರಿತ್ತು. ಉದುರಿದ ಜಾಗದಲ್ಲಿ ಬೆರಳು ತೂರುವಷ್ಟು ಬಿರುಕು. ಬಿಸಿಲು ಏರಿದಾಗ ಅಲ್ಲಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಬರುತ್ತಿತ್ತೆಂದು ಮೇಡಂ ಹೇಳುತ್ತಿದ್ದರು. ಉಳಿದವರು ಹಲ್ಲಿ ಇರಬೇಕು ಎನ್ನುತ್ತಿದ್ದರು.

ರಿಪೇರಿಗೆ ಹಣ ಬಾರದೆ ಇರಲಿಲ್ಲ. ಬಂದಿತ್ತು, ಆದರೆ ಬೇರೊಂದು ಭಯದ ಬೆನ್ನು ಹತ್ತಿ ಬಂದಿತ್ತು. ಜಿಲ್ಲೆಯ ಶಾಲಾ ಮಂಡಳಿ ವರ್ಷಕ್ಕೊಮ್ಮೆ ಎಲ್ಲ ಶಾಲೆಗಳಿಗೂ ಒಂದೇ ಪರೀಕ್ಷೆ ನಡೆಸಿ, ತೀರಾ ಹಿಂದೆ ಬಿದ್ದ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವುದೆಂದು ತೀರ್ಮಾನಿಸಿತ್ತು. ಜ್ವರ ಬಂದವನಿಗೆ ಔಷಧಿ ಕೊಡುವ ಬದಲು ಮಂಚ ಕಿತ್ತುಕೊಂಡ ಹಾಗೆ. ಹೋದ ವರ್ಷ ಈ ಶಾಲೆ ಕೂದಲೆಳೆಯಲ್ಲಿ ಪಾರಾಗಿತ್ತು. ಈ ವರ್ಷ ಬಂದ ಅನುದಾನದಲ್ಲಿ ಸೂರು ರಿಪೇರಿ ಮಾಡಿಸಬಹುದಿತ್ತು, ಇಲ್ಲವೇ ಮಕ್ಕಳಿಗೆ ಹೆಚ್ಚಿನ ಪಾಠಕ್ಕೆ ಶಿಕ್ಷಕರನ್ನು ಇಟ್ಟುಕೊಳ್ಳಬಹುದಿತ್ತು. ಎರಡಕ್ಕೂ ಸಾಲುತ್ತಿರಲಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿಯವರು. ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಜೋರು. "ಸೂರು ಎಲ್ಲಿಗೂ ಓಡಿಹೋಗಲ್ಲ ಮೇಡಂ," ಎಂದರು ಅವರು ಸಭೆಯಲ್ಲಿ. "ಶಾಲೆ ಓಡಿಹೋಗುತ್ತೆ." ಅಂಗಡಿಯ ತುಂಬ ಸಿಮೆಂಟ್ ಮೂಟೆ ಪೇರಿಸಿಟ್ಟುಕೊಂಡವರೇ ಸೂರು ಬೇಡ ಎಂದ ಮೇಲೆ ಅದರಲ್ಲಿ ಸ್ವಾರ್ಥವಿಲ್ಲವೆಂದು ಎಲ್ಲರಿಗೂ ಅನ್ನಿಸಿತು. ಎಲ್ಲರೂ ಕೈ ಎತ್ತಿದರು. ಮೇಡಂ ಕೂಡ ಎತ್ತಿದರು. ಈ ಶಾಲೆ ಮುಚ್ಚಿದರೆ ಮಕ್ಕಳು ಹೋಗಬೇಕಾದ ಶಾಲೆ ಹೆದ್ದಾರಿಯ ಆಚೆಗಿತ್ತು. ಲಾರಿಗಳು ಮೈಮೇಲೆ ಬಂದಂತೆ ನುಗ್ಗುವ ಆ ರಸ್ತೆ ದಾಟಿಸಿ ಹೆಣ್ಣುಮಕ್ಕಳನ್ನು ಕಳಿಸುವವರು ಎಷ್ಟು ಜನ ಇದ್ದಾರೆಂದು ಅವರಿಗೆ ಗೊತ್ತಿತ್ತು.

ಪರೀಕ್ಷೆ ನಡೆಯುವುದು ದೊಡ್ಡ ಕೋಣೆಯಲ್ಲೇ. ಎಲ್ಲ ಮಕ್ಕಳೂ ಒಂದೇ ಕಡೆ, ಡೆಸ್ಕುಗಳ ನಡುವೆ ಅಂತರ ಬಿಟ್ಟು, ಮಂಡಳಿಯಿಂದ ಬಂದವರ ಕಣ್ಣೆದುರೇ ಬರೆಯಬೇಕೆಂಬುದು ನಿಯಮ. ಪ್ರಶ್ನೆಪತ್ರಿಕೆ ಕೊಟ್ಟ ಮೇಲೆ ಗಂಟೆ ಹೊಡೆಯುವವರೆಗೆ ಮಕ್ಕಳನ್ನು ಹೊರಗೆ ಬಿಟ್ಟರೆ ಇಡೀ ಶಾಲೆಯ ಪರೀಕ್ಷೆ ರದ್ದು. ಮೇಲ್ವಿಚಾರಕಿ ಈ ಮಾತನ್ನು ಮಕ್ಕಳಿಗೂ ಶಿಕ್ಷಕರಿಗೂ ಓದಿ ಹೇಳಿ, ಕನ್ನಡಕ ಒರೆಸಿಕೊಂಡು ಕೂತರು. ಹೊರಗೆ ಬಿಸಿಲು ಕಾದಿತ್ತು.

ಮಕ್ಕಳು ಅರ್ಧ ಬರೆದಿದ್ದರೇನೋ, ಒಣ ಕಡ್ಡಿ ಮುರಿದಂತೆ ಸದ್ದಾಯಿತು.

ಯಾರೂ ತಲೆ ಎತ್ತಲಿಲ್ಲ. ಕಿಟಕಿಯ ಸಾಲಿನಲ್ಲಿ ಇಸ್ತ್ರಿ ಅಂಗಡಿಯವಳ ಮಗಳು ಹಾಳೆಯ ಮೇಲೆ ಬಿದ್ದ ಬಿಳಿ ಪುಡಿಯನ್ನು ಉಫ್ ಎಂದು ಊದಿ ಲೆಕ್ಕ ಮುಂದುವರಿಸಿದಳು. ಮೇಡಂ ತೊಲೆಯ ತುದಿಯ ಕಡೆ ನೋಡಿದರು. ಇದು ನನ್ನ ಹಳೆಯ ಹೆದರಿಕೆಯೋ, ನಿಜವೋ? ಬೀಗ ಜಗ್ಗಿ ನೋಡಿದಾಗಲೆಲ್ಲ ಬೀಗ ಹಾಕಿಯೇ ಇರುತ್ತಿತ್ತು. ಗ್ಯಾಸ್ ಆರಿಸಿಯೇ ಇರುತ್ತಿತ್ತು. ಗೋಡೆಗೊರಗಿ ನಿಂತಿದ್ದ ಗಣಿತದ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಮತ್ತೊಂದು ಸದ್ದು ಬಂತು, ಈ ಸಲ ಉದ್ದವಾಗಿ, ಯಾರೋ ಹಲ್ಲು ಕಡಿದಂತೆ.

"ಏಳಿ," ಎಂದರು ಮೇಡಂ. ದನಿ ಅವರದ್ದೆಂದು ಅವರಿಗೇ ಅನ್ನಿಸಲಿಲ್ಲ. "ಎಲ್ಲಾ ಅಲ್ಲೇ ಬಿಡಿ. ಹೊರಗೆ ನಡೀರಿ."

ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು ಸೂರನ್ನೇ ನೋಡಿದರು. ಶಿಕ್ಷಕರೂ ನೋಡಿದರು. ಮೇಲ್ವಿಚಾರಕಿ ಕೈಗಡಿಯಾರವನ್ನೊಮ್ಮೆ, ಸೂರನ್ನೊಮ್ಮೆ ನೋಡಿದರು. ಒಂದು ಕಾಗೆ ಬಂದು ಹೆಂಚಿನ ಮೇಲೆ ಕೂತು, ಬೇಸರವಾಗಿ ಹಾರಿಹೋಯಿತು. ಸೂರು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬೀಳು, ಎಂದು ಮೇಡಂ ಮನಸ್ಸಿನೊಳಗೇ ಅಂಗಲಾಚಿದರು. ಈಗ ಒಳಗೆ ಯಾರೂ ಇಲ್ಲ, ಬಿದ್ದುಬಿಡು. ತಾನು ಇಂಥದ್ದನ್ನು ಬೇಡಿಕೊಳ್ಳುತ್ತಿದ್ದೇನೆಂದು ಹೊಳೆದದ್ದೇ ಎದೆ ಝಲ್ಲೆಂದಿತು.

ಪರೀಕ್ಷೆ ರದ್ದಾಯಿತು, ಅಂದರೆ ಶಾಲೆ ಮುಚ್ಚಿದಂತೆಯೇ. ಮಂಡಳಿಯ ಎಂಜಿನಿಯರ್ ಬಂದು ಬಾಗಿಲಲ್ಲೇ ನಿಂತು ಕತ್ತೆತ್ತಿ ನೋಡಿದರು. ಗೋಡೆ ಒಡೆಯದೆ ಒಳಗಿನ ಸ್ಥಿತಿ ಹೇಳಲಾಗದು, ಕಟ್ಟಡ ಅಪಾಯದಲ್ಲಿದೆಯೆಂದು ವರದಿಯಾಗದೆ ಗೋಡೆ ಒಡೆಯಲಾಗದು ಎಂದು ವಿವರಿಸಿ ಚಹಾ ಕುಡಿದು ಹೋದರು. ಸಂಜೆ ಇಸ್ತ್ರಿ ಅಂಗಡಿಯಾಕೆ ಶಾಲೆಗೆ ಬಂದಳು. ಅವಳು ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ ಮಾತಾಡಿದಳು.

"ಹೆದ್ದಾರಿ ದಾಟಿಸಿ ಕಳಿಸೋಕೆ ಅವರಪ್ಪ ಸುತಾರಾಂ ಒಪ್ಪಲ್ಲ ಮೇಡಂ. ಈ ವರ್ಷವೇ ಅವಳು ಓದೋಕೆ ಶುರು ಮಾಡಿದ್ದು. ನಿಮಗೆ ಹೆದರಿಕೆ ಆಯ್ತು ಅಂತ ನನ್ನ ಮಗಳು ಮನೇಲಿ ಕೂರ್ಬೇಕಾ?"

ಮೇಡಂ ಅವಳಿಗೆ ಕುರ್ಚಿ ಎಳೆದು ಕೊಟ್ಟರು, ಅವಳು ಕೂರಲಿಲ್ಲ.

ಅಧ್ಯಕ್ಷರು ಕೈಕಟ್ಟಿ ಕೂರುವವರಲ್ಲ. ಮಂಡಳಿಯ ಕಚೇರಿಗೆ ಅಲೆದು ಅಲೆದು, ಕಂಡಕಂಡವರ ಕೈಕಾಲು ಹಿಡಿದು, ಮರುಪರೀಕ್ಷೆಗೆ ಒಪ್ಪಿಗೆ ತಂದರು. ಒಂದೇ ಷರತ್ತು. ಕೋಣೆ ಗಟ್ಟಿಯಾಗಿದೆ, ಅಂದು ತಾನು ಸುಮ್ಮನೆ ಹೆದರಿದೆ ಎಂದು ಹೆಡ್ ಮೇಡಂ ಬರೆದು ಕೊಡಬೇಕು. ಅಧ್ಯಕ್ಷರ ಅಂಗಡಿಯ ಗಲ್ಲೆಯ ಮುಂದೆ, ಮೊಳೆಯ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಮೇಡಂ ಬರೆದು ಸಹಿ ಹಾಕಿದರು. ಹೆದರುತ್ತೇನೆಂದು ಜೀವಮಾನವಿಡೀ ಹೇಳಿಕೊಂಡು ಬಂದವರಿಗೆ ಸುಮ್ಮನೆ ಹೆದರಿದೆ ಎಂದು ಬರೆಯುವುದೇನು ಕಷ್ಟ ಎಂದು ಅಧ್ಯಕ್ಷರು ಅಂದುಕೊಂಡಿರಬೇಕು.

ಮನೆಯಲ್ಲಿ ಗಂಡ ಅಂದು ತಮಾಷೆ ಮಾಡಲಿಲ್ಲ. ಅದೇ ಮೇಡಂಗೆ ಇನ್ನಷ್ಟು ಭಯ ಹುಟ್ಟಿಸಿತು.

"ನಾಳೆ ಅದು ಬಿದ್ರೆ ಯಾರು ಹೊಣೆ?" ಎಂದು ಕೇಳಿದರು ಅವರು.

"ನಾನೇ ಅಲ್ವಾ."

"ಹೊಣೆ ಹೊರೋಕೆ ನೀನು ಉಳಿದಿದ್ರೆ," ಎಂದು ಅವರು ಎದ್ದು ಹೋಗಿ ಟಿವಿಯ ದನಿ ಜೋರು ಮಾಡಿದರು.

ಮರುಪರೀಕ್ಷೆಯ ದಿನ ಮೇಡಂ ಎಲ್ಲರಿಗಿಂತ ಮೊದಲೇ ಬಂದರು. ಗಣಿತದ ಮೇಷ್ಟ್ರನ್ನೂ ಬರಹೇಳಿದ್ದರು. ನಿಯಮದ ಅಂತರ ಕೆಡದಂತೆ ಎಷ್ಟು ಸಾಧ್ಯವೋ ಅಷ್ಟು ಡೆಸ್ಕುಗಳನ್ನು ಇಬ್ಬರೂ ಸೇರಿ ಆಚೆ ಗೋಡೆಯ ಕಡೆಗೆ ಎಳೆದರು. ಯಾಕೆಂದು ಮೇಷ್ಟ್ರು ಕೇಳಲಿಲ್ಲ. ಅಂದರೆ ಅವತ್ತು ಅವರಿಗೂ ಕೇಳಿಸಿತ್ತು! ಮೇಡಂಗೆ ಮೈಯೆಲ್ಲ ಉರಿಯಿತು, ಆದರೆ ಬೈಯಲು ತಮಗೆ ಯಾವ ಮುಖ ಉಳಿದಿದೆ ಎಂದುಕೊಂಡು ಸುಮ್ಮನಾದರು. ತೊಲೆಯ ತುದಿಯ ಕೆಳಗೆ ಖಾಲಿಯಾದ ಜಾಗದಲ್ಲಿ ತಮ್ಮ ಕುರ್ಚಿ ಹಾಕಿಕೊಂಡು ಕೂತರು.

ಪರೀಕ್ಷೆ ಮುಗಿಯುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ಮೈಯೆಲ್ಲ ಕಿವಿಯಾಗಿ ಕೂತವರಿಗೆ ಪೆನ್ಸಿಲ್ ಕೆಳಗೆ ಬಿದ್ದರೂ ಜೀವ ಬಾಯಿಗೆ ಬರುತ್ತಿತ್ತು. ಬಿದ್ದರೆ ಮೊದಲು ನನ್ನ ಮೇಲೆ ಬೀಳುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಇಷ್ಟು ದೊಡ್ಡ ತೊಲೆ ಒಬ್ಬಳ ಮೇಲೆ ಬಿದ್ದು ಸುಮ್ಮನಾಗುವುದಿಲ್ಲವೆಂಬ ಮಾತನ್ನು ಮನಸ್ಸಿನಿಂದ ತಳ್ಳುತ್ತಿದ್ದರು, ಅದು ಮತ್ತೆ ಬರುತ್ತಿತ್ತು. ಎರಡು ಸಲ ಹೆಗಲ ಮೇಲೆ ಪುಡಿ ಉದುರಿತು. ಕೊಡವಿಕೊಂಡರೆ ಮಕ್ಕಳು ನೋಡಿಯಾರೆಂದು ಹಾಗೇ ಬಿಟ್ಟರು. ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ ಮೇಷ್ಟ್ರು ಕೈ ಕೊಟ್ಟು ಅವರನ್ನು ಎಬ್ಬಿಸಬೇಕಾಯಿತು.

ಫಲಿತಾಂಶ ಬಂತು. ಮಕ್ಕಳು ಯಾರೂ ಎಣಿಸದಷ್ಟು ಚೆನ್ನಾಗಿ ಬರೆದಿದ್ದರು. ಶಾಲೆ ಉಳಿಯಿತು. ಇಸ್ತ್ರಿ ಅಂಗಡಿಯಾಕೆ ಮಗಳ ಕೈ ಹಿಡಿದುಕೊಂಡು ಬಂದು ಮೇಡಂ ಸೆರಗಿನ ತುದಿಯನ್ನೇ ಹಿಡಿದುಕೊಂಡು ನಿಂತಳು. ಒಂದು ವಾರ ಮೇಡಂ ಕಣ್ತುಂಬ ನಿದ್ದೆ ಮಾಡಿದರು. ಬೀಗ ಜಗ್ಗಿ ನೋಡುವುದನ್ನೂ ಮರೆತರು.

ಆಮೇಲೆ ಸಮಿತಿಯ ಸಭೆ ಸೇರಿತು. ಅಧ್ಯಕ್ಷರ ಮುಖ ಅರಳಿತ್ತು. ಹಿಂದೆ ಬಿದ್ದ ಇನ್ನೊಂದು ಶಾಲೆಯನ್ನು ಮಂಡಳಿ ಮುಚ್ಚಿತಂತೆ, ಅಲ್ಲಿನ ಮಕ್ಕಳನ್ನೆಲ್ಲ ನಮ್ಮ ಶಾಲೆಗೆ ಕಳಿಸುತ್ತಿದೆಯಂತೆ. ಅವರನ್ನು ದೊಡ್ಡ ಕೋಣೆಯಲ್ಲಿ ಕೂರಿಸುವುದು. ಅದಲ್ಲದೆ ಜಾಗ ಎಲ್ಲಿದೆ?

ಆ ಕೋಣೆ ಬೇಡ, ಮೊದಲು ಸೂರು ಸರಿಯಾಗಲಿ ಎಂದರು ಮೇಡಂ. ಅಧ್ಯಕ್ಷರಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ನೀವೇ ಬರೆದು ಕೊಟ್ಟಿದ್ದೀರಲ್ಲ ಮೇಡಂ, ಗಟ್ಟಿಯಾಗಿದೆ ಅಂತ. ಅದನ್ನ ನೋಡಿಯೇ ಮಂಡಳಿಯವರು ರಿಪೇರಿ ಆಗಬೇಕಾದ ಶಾಲೆಗಳ ಪಟ್ಟಿಯಿಂದ ನಮ್ಮ ಶಾಲೆಯನ್ನ ತೆಗೆದಿದ್ದಾರೆ. ಇನ್ನು ಸೂರಿಗೆ ಅಂತ ಹಣ ಬರಲ್ಲ."

ಆ ಪತ್ರವನ್ನು ಒಂದು ದಿನದ ಮಟ್ಟಿಗೆಂದು ಮೇಡಂ ಬರೆದಿದ್ದರು. ಒಂದು ದಿನ ತಾನು ಕೆಳಗೆ ಕೂತರೆ ಸಾಕೆಂದುಕೊಂಡಿದ್ದರು. ಈಗ ಅದು ಸುಳ್ಳೆಂದರೆ ಮರುಪರೀಕ್ಷೆಯೂ ಬಿದ್ದುಹೋಗುತ್ತದೆ, ಶಾಲೆಯೂ ಹೋಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದರು.

ಹೊಸ ಮಕ್ಕಳು ಬಂದ ಬೆಳಿಗ್ಗೆ ಮಂಡಳಿಯ ಅಧಿಕಾರಿಗಳೂ ಬಂದು ಅಂಗಳದಲ್ಲಿ ಅಧ್ಯಕ್ಷರ ಜೊತೆ ನಿಂತಿದ್ದರು. ಪೋಷಕರು ಗೇಟಿನ ಬಳಿ ಗುಂಪುಗೂಡಿದ್ದರು. ದೊಡ್ಡ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬೆಂಚು ತುಂಬಿ, ಮೇಡಂ ಕುರ್ಚಿಗೆ ಎಲ್ಲೂ ಜಾಗ ಉಳಿದಿರಲಿಲ್ಲ. ತೊಲೆಯ ತುದಿಯ ಕೆಳಗೆ ಎರಡು ಜಡೆಯ ಒಂದು ಪುಟ್ಟ ಹುಡುಗಿ ಕೂತಿದ್ದಳು. ಹೊಸ ಜಾಗವೆಂದು ಸುತ್ತಲೂ ಕಣ್ಣು ಬಿಟ್ಟು ನೋಡುತ್ತ ಕೊನೆಗೆ ಮೇಲೆ ನೋಡಿದಳು.

"ಮೇಡಂ, ಇದು ಬೀಳಲ್ಲ ಅಲ್ವಾ?"

ಕೋಣೆಯ ಮಕ್ಕಳೆಲ್ಲ ಮೇಲೆ ನೋಡಿ, ಆಮೇಲೆ ಮೇಡಂ ಮುಖ ನೋಡಿದರು. ಬೀಳಲ್ಲ ಎನ್ನಲು ಮೇಡಂ ಬಾಯಿ ತೆರೆದರು. ಕಾಗದದ ಮೇಲೆ ಅಷ್ಟು ಸಲೀಸಾಗಿ ಬಂದ ಮಾತು ಈ ಹುಡುಗಿಯ ಎದುರು ಬರಲಿಲ್ಲ.

"ಗೊತ್ತಿಲ್ಲ ಮಗಾ," ಎಂದರು. "ನನಗೂ ಭಯ ಆಗ್ತಿದೆ. ಬ್ಯಾಗ್ ತಗೊಳ್ಳಿ, ಎಲ್ಲರೂ ನನ್ನ ಜೊತೆ ಹೊರಗೆ ಬನ್ನಿ."

ಕೊನೆಯ ಮಗು ಹೊಸ್ತಿಲು ದಾಟಿದ ಮೇಲೆ ಅವರು ಬಾಗಿಲೆಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಅಧ್ಯಕ್ಷರು ಗಾಬರಿಯಿಂದ ಅಂಗಳ ದಾಟಿ ಬಂದರು, ಹಿಂದೆಯೇ ಅಧಿಕಾರಿಗಳು. ನಾನು ಬರೆದು ಕೊಟ್ಟದ್ದು ಸುಳ್ಳು ಎಂದು ಮೇಡಂ ಹೇಳಿದರು, ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. ಗೇಟಿನ ಬಳಿ ಇಸ್ತ್ರಿ ಅಂಗಡಿಯಾಕೆ ಮಗಳನ್ನು ಮುಂದೆ ನಿಲ್ಲಿಸಿಕೊಂಡಿದ್ದಳು. ಆ ಕಡೆ ತಿರುಗಿ ನೋಡುವ ಧೈರ್ಯ ಮಾತ್ರ ಮೇಡಂಗೆ ಬರಲಿಲ್ಲ.