ಏನೂ ಕೇಳದ ಗಿರಾಕಿ

ವರ್ನಾ ಸ್ಟಕಿಗೆ ಗಿರಾಕಿಗಳ ಮುಖಕ್ಕಿಂತ ಅವರು ಕೇಳುವ ಪ್ರಶ್ನೆಗಳ ಮೇಲೆ ಹೆಚ್ಚು ನಂಬಿಕೆ. ಅಮೆರಿಕದ ಮಿಸೌರಿಯ ಗುಡ್ಡಗಳ ಸೀಮೆಯಲ್ಲಿ, ಹೆದ್ದಾರಿ ಪಕ್ಕದ ಬಂದೂಕಿನ ಅಂಗಡಿಯಲ್ಲಿ ಅವಳು ನಿಂತು ಇಪ್ಪತ್ತೆಂಟು ವರ್ಷವಾಗಿತ್ತು. ಅಂಗಿಯ ಕೆಳಗೆ ಮರೆಮಾಡಿ ಒಯ್ಯುವಂಥ ಚಿಕ್ಕ ಪಿಸ್ತೂಲು ಬೇಕೆಂದು ಬರುವವರು ತಲೆ ತಿಂದುಬಿಡುತ್ತಾರೆ. ಗಾಡಿಯಲ್ಲಿ ಕೂತಾಗ ಸೊಂಟಕ್ಕೆ ಚುಚ್ಚುತ್ತಾ? ಬೇಸಿಗೆಯ ತೆಳು ಅಂಗಿಯಲ್ಲಿ ಉಬ್ಬು ಕಾಣುತ್ತಾ? ತೀರಾ ಚಿಕ್ಕದಾದರೆ ಕೈಗೆ ಜೋರಾಗಿ ಒದೆಯುತ್ತಂತಲ್ಲ? ಒಂದನ್ನು ಹಿಡಿದು, ಇನ್ನೊಂದನ್ನು ಹಿಡಿದು, ಮತ್ತೆ ಮೊದಲಿನದನ್ನೇ ಕೇಳಿ, ಹೆಂಡತಿಗೆ ಫೋನು ಮಾಡಿ, ಕೊನೆಗೆ ನಾಳೆ ಬರ್ತೀನಿ ಅಂತ ಹೊರಟುಹೋಗುತ್ತಾರೆ. ವರ್ನಾ ಬೈದುಕೊಳ್ಳುತ್ತಾಳೆ, ಆದರೆ ಅಂಥವರ ಬಗ್ಗೆ ಅವಳಿಗೆ ಭಯವಿಲ್ಲ.

ಹಿಂದಿನ ಅಕ್ಟೋಬರಿನಲ್ಲಿ ಬಂದ ಡ್ವೈಟ್ ಫೆನ್ ಏನೂ ಕೇಳಿರಲಿಲ್ಲ. ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಊರಿಗೆಲ್ಲ ಬೇಕಾದವನು. ಗಾಜಿನ ಕೆಳಗಿದ್ದ ಒಂದಕ್ಕೆ ಬೆರಳು ತೋರಿಸಿ, "ಇದಾಗುತ್ತೆ ಬಿಡು" ಅಂದ. ಅರ್ಜಿ ತುಂಬಿದ, ಸರ್ಕಾರಿ ತಪಾಸಣೆಯವರಿಂದ ಫೋನಿನಲ್ಲಿ ಒಪ್ಪಿಗೆ ಬಂತು, ಕೊಂಡುಹೋದ. ಮೂರನೆಯ ದಿನ ಶೆರಿಫ್ ಕಚೇರಿಯ ಪೊಲೀಸರು ಫೋನು ಮಾಡಿ ಪಿಸ್ತೂಲಿನ ನಂಬರು ಓದಿ, ನಿಮ್ಮಲ್ಲಿಂದಲೇ ಹೋದದ್ದಾ ಎಂದು ಕೇಳಿದರು. ಡ್ವೈಟ್ ತನ್ನ ಪ್ರಾಣ ತಾನೇ ತೆಗೆದುಕೊಂಡಿದ್ದ.

ಮಾರ್ಲಾ ಟೆಟರ್ ಅಂಗಡಿಗೆ ಬಂದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ಮೂವತ್ತೈದರ ಆಸುಪಾಸಿನ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅಡುಗೆ ಮಾಡುವಾಗ ಕೂದಲಿಗೆ ಹಾಕುವ ಬಲೆಯನ್ನೂ ತೆಗೆಯದೆ ಬಂದಿದ್ದಳು.

"ಮರೆಮಾಡಿ ಇಟ್ಕೊಳ್ಳೋಕೆ ಒಂದು ಬೇಕಿತ್ತು ಮೇಡಂ," ಅಂದಳು. "ಆ ಚಿಕ್ಕದು ಕೊಡಿ."

ವರ್ನಾ ಅದನ್ನು ತೆಗೆದು ಮುಂದಿಟ್ಟಳು. ಮಾರ್ಲಾ ಮುಟ್ಟಲಿಲ್ಲ.

"ಹಿಡಿದು ನೋಡಮ್ಮ. ನಿನ್ನ ಕೈಗೆ ಹೊಂದುತ್ತೋ ಇಲ್ವೋ."

"ಹೊಂದುತ್ತೆ."

"ಎಲ್ಲಿಟ್ಕೋತೀಯ? ಸೊಂಟದಲ್ಲೋ, ಕೈಚೀಲದಲ್ಲೋ?"

"ಎಲ್ಲಾದ್ರೂ ಇಟ್ಕೋತೀನಿ."

"ಹಾಕಿಕೊಳ್ಳೋಕೆ ಒರೆ ಬೇಡ್ವಾ?"

"ಬೇಡ. ಗುಂಡಿಂದು ಒಂದು ಚಿಕ್ಕ ಡಬ್ಬಿ ಸಾಕು."

ವರ್ನಾ ಅವಳ ಮುಖ ನೋಡಿದಳು. ಈ ಹೆಂಗಸಿನ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ದನಿಯಲ್ಲಿ ಏರಿಲ್ಲ ಇಳಿವಿಲ್ಲ. ವರ್ನಾ ಪಿಸ್ತೂಲನ್ನು ಎತ್ತಿ ಒಳಗಿಟ್ಟು ಬೀಗ ಹಾಕಿದಳು.

"ಇವತ್ತು ಮಾರಲ್ಲ ಕಣಮ್ಮ."

"ಯಾಕೆ?"

"ನನ್ನ ಅಂಗಡಿ, ನನ್ನ ಇಷ್ಟ. ಒಂದು ಲೋಟ ಕಾಫಿ ಕುಡಿದು ಹೋಗು. ಯಾರ ಹತ್ರನಾದ್ರೂ ಮಾತಾಡಬೇಕು ಅನ್ಸಿದ್ರೆ ಒಂದು ಫೋನ್ ನಂಬರ್ ಕೊಡ್ತೀನಿ, ಯಾವಾಗ ಮಾಡಿದ್ರೂ ಎತ್ತುತ್ತಾರೆ."

ಮಾರ್ಲಾಳ ಮುಖ ಕೆಂಪಾಯಿತು. "ನಾನು ಕಾಫಿ ಕುಡಿಯೋಕೆ ಬಂದಿಲ್ಲ," ಅಂದವಳೇ ಬಾಗಿಲು ಬಡಿದು ಹೋದಳು.

ಹಿಂದಿನ ಕೋಣೆಯಲ್ಲಿ ಬಂದೂಕು ಬಿಚ್ಚಿಕೊಂಡು ಕೂತಿದ್ದ ತಮ್ಮ ಆರ್ಲೋ ತಲೆ ಹೊರಹಾಕಿದ. "ಹೀಗೇ ಮಾಡ್ತಿದ್ರೆ ಅಂಗಡೀಲಿ ಮೀನಿನ ಗಾಳ ಮಾತ್ರ ಮಾರಬೇಕಾಗುತ್ತೆ ಅಕ್ಕ."

"ಮಾರೋಣ ಬಿಡು. ಅವಳ ಕಣ್ಣು ನೋಡಿದ್ಯಾ?"

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ವರ್ನಾ ಬಿಡಲಿಲ್ಲ. ಹತ್ತಿರದ ಊರುಗಳಲ್ಲಿ ಪಿಸ್ತೂಲು ಮಾರುವ ಇನ್ನಿಬ್ಬರಿಗೂ ಫೋನು ಮಾಡಿ, ಇಂಥ ಹೆಂಗಸು ಬಂದರೆ ಕೊಡಬೇಡಿ, ಅವಳ ಮನಸ್ಸು ನೆಟ್ಟಗಿಲ್ಲ ಎಂದು ಹೇಳಿದಳು. ಇಬ್ಬರೂ ಹಳೆಯ ಪರಿಚಯದವರು, ಆಗಲಿ ಅಂದರು. ಮಾರ್ಲಾ ಅವತ್ತೇ ಮಧ್ಯಾಹ್ನ ಇಬ್ಬರ ಬಳಿಗೂ ಹೋಗಿ ಬರಿಗೈಲಿ ಮರಳಿದ್ದಳು. ಅವರಿಂದ ಅದನ್ನು ಕೇಳಿ ವರ್ನಾಳಿಗೆ ಒಂದು ಜೀವ ಉಳಿಸಿದ ಸಮಾಧಾನವಾಯಿತು.

ಶುಕ್ರವಾರ ಆರ್ಲೋ ಊಟಕ್ಕೆ ಹೋದವನು ಬೇಗನೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಅಕ್ಕ, ಮಂಗಳವಾರ ಪಿಸ್ತೂಲು ಕೇಳ್ಕೊಂಡು ಬಂದಿದ್ಲಲ್ಲ, ಮಾರ್ಲಾ ಅಂತೆ ಹೆಸರು, ಆಸ್ಪತ್ರೇಲಿದಾಳೆ. ಅವಳು ಬಿಟ್ಟ ಗಂಡ, ಅವಳನ್ನ ಹೊಡೆದು ಒಳಗೆ ಹೋಗಿದ್ದವನು, ಬುಧವಾರ ಜೈಲಿಂದ ಹೊರಗೆ ಬಂದನಂತೆ. ನೆಟ್ಟಗೆ ಅವಳ ಮನೆಗೇ ಹೋಗಿ ಬಾಗಿಲು ಮುರಿದಿದಾನೆ. ಪಕ್ಕದವರು ಬಂದಿದ್ದಕ್ಕೆ ಉಳಿದಳು. ಅವನನ್ನ ಹಿಡಿದರಂತೆ."

ವರ್ನಾ ಕೈಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಮೂರು ಅಂಗಡಿ ಬಾಗಿಲೂ ನಾನೇ ಮುಚ್ಚಿಸಿದೆನಲ್ಲೋ," ಅಂದಳು.

ಅದೇ ಸಂಜೆ ವರ್ನಾ ಆಸ್ಪತ್ರೆಗೆ ಹೋದಳು. ಮಾರ್ಲಾಳ ಮುರಿದ ಎಡ ಮುಂಗೈಗೆ ಪ್ಲಾಸ್ಟರ್ ಪಟ್ಟಿ ಹಾಕಿದ್ದರು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಬಾಗಿಲಲ್ಲಿ ನಿಂತವಳನ್ನು ಇನ್ನೊಂದು ಕಣ್ಣಿನಿಂದ ನೋಡಿದಳು.

"ಕಾಫಿ ತಂದಿದೀರಾ?"

ವರ್ನಾ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. "ನಾನು ತಪ್ಪು ತಿಳ್ಕೊಂಡೆ," ಅಂದಳು. "ನನ್ನ ಹತ್ರ ಒಬ್ಬ ಕೊಂಡುಹೋಗಿ ಸತ್ತುಹೋದ. ನೀನೂ ಅವನ ಹಾಗೇ ಕಂಡೆ. ಗಂಡನ ವಿಷಯ ಒಂದು ಮಾತು ಹೇಳಬಾರದಿತ್ತಾ ಮಗಳೇ?"

"ಎಷ್ಟು ಜನಕ್ಕೆ ಹೇಳ್ಲಿ? ಬಿಡುಗಡೆ ಆಗ್ತಾನೆ ಅಂತ ನಂಗೆ ಕಾಗದ ಕಳಿಸಿದ್ರು. ಕೋರ್ಟಲ್ಲಿ ಹೇಳಿದೆ, ಶೆರಿಫ್ ಹತ್ರ ಹೇಳಿದೆ, ನಮ್ಮಮ್ಮಂಗೆ ಹೇಳಿದೆ. ಎಲ್ರೂ ತಲೆ ಆಡಿಸಿದ್ರು. ಆಮೇಲೆ ಬಾಯಿ ಸೋತುಹೋಯ್ತು." ಅವಳು ಕಿಟಕಿಯ ಕಡೆ ತಿರುಗಿದಳು. "ನೀವು ಪೂರ್ತಿ ತಪ್ಪು ತಿಳ್ಕೊಂಡಿರಲಿಲ್ಲ ಮೇಡಂ. ಅವನು ಬರ್ತಾನೆ ಅಂತ ಕಾಯ್ಕೊಂಡು ಕೂತಿರೋದಕ್ಕಿಂತ ಮೊದಲೇ ಎಲ್ಲಾ ಮುಗಿದುಹೋದ್ರೆ ಸಾಕು ಅಂತಲೂ ಅನ್ಸಿತ್ತು. ಆ ಗುಂಡು ಅವನಿಗೋ ನಂಗೋ, ಯಾರಿಗೆ ಅಂತ ಕೇಳೋಕೆ ಬಂದೆನೋ, ನಿಜವಾಗ್ಲೂ ನಂಗೇ ಗೊತ್ತಿರಲಿಲ್ಲ."

ವರ್ನಾ ಎದ್ದು ಅವಳ ಒಳ್ಳೆಯ ಕೈಯನ್ನು ಹಿಡಿದುಕೊಂಡಳು. ಮಾರ್ಲಾ ಬಿಡಿಸಿಕೊಳ್ಳಲಿಲ್ಲ.

ಜೂನ್ ಹೊತ್ತಿಗೆ ಪಟ್ಟಿ ಬಿಚ್ಚಿದರು. ವಿಚಾರಣೆ ಮುಗಿಯುವವರೆಗೆ ಗಂಡನನ್ನು ಬಿಡುವುದಿಲ್ಲ ಎಂದು ನ್ಯಾಯಾಧೀಶರು ಹೇಳಿದ್ದರು. ಮಾರ್ಲಾ ವಾರಕ್ಕೊಮ್ಮೆ ಪಟ್ಟಣದಲ್ಲಿ ಒಬ್ಬ ಸಲಹೆಗಾರ್ತಿಯ ಹತ್ತಿರ ಹೋಗಿ ಮಾತಾಡಿ ಬರುತ್ತಿದ್ದಳು. ಒಂದು ಶನಿವಾರ ಅವಳು ಮತ್ತೆ ಅಂಗಡಿಗೆ ಬಂದಳು. ಈ ಸಲ ಕೇಳಿದ್ದೇ ಕೇಳಿದ್ದು. ಮುಂಗೈಯಲ್ಲಿ ಬಲವಿಲ್ಲ, ಗುಂಡು ಏರಿಸೋಕೆ ಮೇಲಿನ ಸ್ಲೈಡು ಹಿಂದಕ್ಕೆ ಎಳೆಯೋಕಾಗುತ್ತಾ? ಅಡುಗೆಮನೆಯ ಏಪ್ರನ್ ಕಟ್ಟಿದರೆ ಎಲ್ಲಿಡೋದು? ಶಾಲೆಯೊಳಗೆ ತರೋ ಹಾಗಿಲ್ಲ, ಆಗ ಗಾಡಿಯಲ್ಲಿ ಬೀಗ ಹಾಕಿ ಇಡಬಹುದಾ?

"ಪರೀಕ್ಷೆ ಬರೆಸ್ತಿದಾಳೆ ನೋಡು," ಅಂದ ಆರ್ಲೋ.

ಮಾರ್ಲಾ ಮೊದಲ ಸಲ ಕೇಳಿದ್ದ ಚಿಕ್ಕದನ್ನು ವರ್ನಾ ಬೇಡವೆಂದಳು. ಅಂಗೈಯಲ್ಲಿ ಅಡಗುತ್ತೆ ನಿಜ, ಆದರೆ ಕಿರುಬೆರಳಿಗೆ ಜಾಗವಿಲ್ಲ, ಸ್ಪ್ರಿಂಗು ಬಿಗಿ. ಗುಡ್ಡದ ಹಿಂದಿನ ಹಳೆಯ ಕಲ್ಲಿನ ಕ್ವಾರಿಗೆ ಮೂರು ಭಾನುವಾರ ಕರೆದುಕೊಂಡು ಹೋಗಿ ನಾಲ್ಕು ಬಗೆಯವನ್ನು ಹಾರಿಸಲು ಕೊಟ್ಟಳು. ಕೊನೆಗೆ ಮಾರ್ಲಾ ಒಪ್ಪಿದ್ದು ಒಂದು ಬೆರಳಷ್ಟು ಉದ್ದ ಹೆಚ್ಚಿದ್ದ, ಸ್ಲೈಡು ಹಗುರವಾಗಿ ಬರುವ ಪಿಸ್ತೂಲು. ಅರ್ಜಿ ತುಂಬಿ, ಒಪ್ಪಿಗೆ ಬಂದ ಮೇಲೆ, ವರ್ನಾ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದಳು. ತಳ್ಳಿದ ಕೈಯನ್ನು ತಕ್ಷಣ ತೆಗೆಯಲಾಗಲಿಲ್ಲ.

"ದಿನಾ ಬೆಳಿಗ್ಗೆ ಏಳು ಗಂಟೆಯೊಳಗೆ ನಂಗೊಂದು ಫೋನ್ ಮಾಡ್ಬೇಕು. ಎದ್ದೆ ಅಂತ ಹೇಳಿದ್ರೆ ಸಾಕು."

"ಮಾಡ್ತೀನಿ ಬಿಡಿ."

ಹದಿನೆಂಟು ದಿನ ಫೋನು ಬಂತು. ಹತ್ತೊಂಬತ್ತನೆಯ ದಿನ ಬರಲಿಲ್ಲ. ವರ್ನಾ ಎಂಟು ಗಂಟೆಯವರೆಗೆ ಕಾದಳು, ತಾನೇ ಮಾಡಿದಳು, ಯಾರೂ ಎತ್ತಲಿಲ್ಲ. ಅಂಗಡಿಯನ್ನು ಆರ್ಲೋಗೆ ಬಿಟ್ಟು ಗಾಡಿ ಹತ್ತಿದಳು. ಹನ್ನೊಂದು ಮೈಲಿ ದಾರಿಯಲ್ಲಿ ಅವಳಿಗೆ ಡ್ವೈಟ್‌ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಮಾರ್ಲಾಳ ಗಾಡಿ ಮನೆ ಮುಂದೆಯೇ ನಿಂತಿತ್ತು. ವರ್ನಾ ಬಾಗಿಲು ಬಡಿದಳು, ಹೆಸರು ಹಿಡಿದು ಕೂಗಿದಳು, ಮತ್ತೆ ಬಡಿದಳು. ಒಳಗೆ ಏನೋ ಬಿದ್ದ ಸದ್ದಾಯಿತು. ಬಾಗಿಲು ತೆರೆದ ಮಾರ್ಲಾ ಹೊದಿಕೆ ಸುತ್ತಿಕೊಂಡು ನಡುಗುತ್ತಿದ್ದಳು. ಹಣೆ ಕಾದ ಬಾಣಲೆಯಂತಿತ್ತು. ಜ್ವರದ ಮಾತ್ರೆ ನುಂಗಿ ಮೈಮರೆತು ಮಲಗಿದ್ದಳಂತೆ, ಫೋನು ಚಾರ್ಜಿಲ್ಲದೆ ಸತ್ತಿತ್ತು.

ವರ್ನಾ ಮೆಟ್ಟಿಲ ಮೇಲೆ ಕೂತು, ಅಂಗಿಯ ತುದಿಯಿಂದ ಮುಖ ಒರೆಸಿಕೊಂಡಳು. ಮಾರ್ಲಾ ಒಳಗೆ ಹೋಗಿ ಪಿಸ್ತೂಲಿನ ಪೆಟ್ಟಿಗೆ ತಂದು ಅವಳ ತೊಡೆಯ ಮೇಲಿಟ್ಟಳು.

"ಸ್ವಲ್ಪ ದಿನ ನಿಮ್ಮ ಹತ್ರ ಇರ್ಲಿ."

"ನಿಂಗೆ ಹೆದರಿಕೆ ಆಗಲ್ವಾ?"

"ಆಗುತ್ತೆ. ಆದ್ರೆ ಅವನು ಈಗ ಜೈಲಲ್ಲಿದಾನೆ. ಮನೇಲಿರೋದು ನಾನೊಬ್ಳೇ. ಕೆಲವು ದಿನ ನಂಗೆ ನನ್ನ ಕಂಡ್ರೇನೇ ಹೆದರಿಕೆ ಜಾಸ್ತಿ." ಮಾರ್ಲಾ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. "ಬೇಕಾದಾಗ ಬಂದು ಕೇಳ್ತೀನಿ. ನೀವು ಕೊಡಬೇಕು, ಇಲ್ಲ ಅನ್ನಬಾರದು."

ವರ್ನಾ ಒಪ್ಪಿದಳು. ಕೇಳಲು ಬಂದ ದಿನ ನಿಜವಾಗಿ ಕೊಡಲು ತನ್ನಿಂದ ಆಗುತ್ತದೋ ಇಲ್ಲವೋ, ಅದು ಅವಳಿಗೆ ಗೊತ್ತಾಗಲಿಲ್ಲ. ಜ್ವರದವಳನ್ನು ಗಾಡಿಗೆ ಹತ್ತಿಸಿ, ಪೆಟ್ಟಿಗೆಯನ್ನು ಹಿಂದಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ವೈದ್ಯರ ಬಳಿಗೆ ಹೊರಟಳು.